ಇಲಿಯ ನೋವಿನ ನರಕೋಶ, ಮನುಷ್ಯರ ನೋವಿನ ನರಕೋಶ: ಪೀಕ್‌ಗಳು ಹೊಂದುತ್ತಿಲ್ಲ ಅಂದರೆ ಜೀನ್ ನಿಯಂತ್ರಣವೇ ಬದಲಾಗಿದೆ ಅಂತಲಾ?

ಕೋಡ್‌ನಿಂದಕೋಶಕ್ಕೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮೊದಲು ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಈಗ ಪಿಎಚ್‌ಡಿಗೆ ಸೇರಿದ್ದೇನೆ. ನೋವಿನ ಸುದ್ದಿ ತರುವ ನರಕೋಶಗಳಲ್ಲಿ ಯಾವ ಜೀನ್ ಯಾವಾಗ ಆನ್ ಆಗುತ್ತದೆ, ಈ ವ್ಯವಸ್ಥೆ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಎಷ್ಟು ಬದಲಾಗಿದೆ, ಇದು ನನ್ನ ವಿಷಯ. ಕೋಡ್ ಬರೆಯೋದು ಸಲೀಸು. ಬಯಾಲಜಿ ಈಗೀಗ ಕಲಿಯುತ್ತಿದ್ದೇನೆ. ಹಾಗಾಗಿ ಬುಡದಿಂದ ಹೇಳಿದರೂ ಬೇಜಾರಿಲ್ಲ.

ಬೆನ್ನುಹುರಿಯ ಎರಡೂ ಪಕ್ಕದಲ್ಲಿ ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್ ಅಂತ ಗಂಟುಗಳಿರುತ್ತವಲ್ಲ, ಚರ್ಮ, ಕೀಲು, ಒಳಗಿನ ಅಂಗಗಳಿಂದ ನೋವು, ಬಿಸಿ, ತುರಿಕೆ, ಸ್ಪರ್ಶ ಎಲ್ಲವನ್ನೂ ತರುವ ನರಕೋಶಗಳು ಅಲ್ಲಿರುತ್ತವೆ. ಇಲಿ ಮತ್ತು ಮನುಷ್ಯ ಇಬ್ಬರ ಗ್ಯಾಂಗ್ಲಿಯಾನ್‌ನಿಂದ ಬಂದ ಸಿಂಗಲ್ ನ್ಯೂಕ್ಲಿಯಸ್ ಅಟ್ಯಾಕ್-ಸೀಕ್ ಡೇಟಾ ನನ್ನ ಹತ್ತಿರ ಇದೆ. ಅಂದರೆ ಪ್ರತಿ ಕೋಶದಲ್ಲೂ ಡಿಎನ್‌ಎ ಎಲ್ಲೆಲ್ಲಿ ತೆರೆದುಕೊಂಡಿದೆ ಅನ್ನುವ ಪಟ್ಟಿ. ಹಾಗೆ ತೆರೆದ ಒಂದೊಂದು ಜಾಗವೇ ಒಂದು ಪೀಕ್.

ಇಲಿಯ ನೋಸಿಸೆಪ್ಟರ್‌ಗಳ (ನೋವಿನ ನರಕೋಶಗಳ) ಪೀಕ್ ತೆಗೆದುಕೊಂಡು, ಒಂದು ಜೀನೋಮ್‌ನ ಜಾಗಕ್ಕೆ ಇನ್ನೊಂದರಲ್ಲಿ ಸಮನಾದ ಜಾಗ ಹುಡುಕುವ ಲಿಫ್ಟ್‌ಓವರ್ ಅನ್ನುವ ಟೂಲ್‌ನಿಂದ ಮನುಷ್ಯರ ಜೀನೋಮ್‌ಗೆ ತಂದೆ. ದೊಡ್ಡ ಪಾಲು ಬರಲೇ ಇಲ್ಲ. ಬಂದವುಗಳಲ್ಲೂ ಸುಮಾರು ಜಾಗಗಳು ಮನುಷ್ಯರ ನೋಸಿಸೆಪ್ಟರ್‌ನಲ್ಲಿ ಮುಚ್ಚಿಕೊಂಡಿವೆ. ಜೀನ್ ಶುರುವಾಗುವ ಕಡೆಯ ಪೀಕ್‌ಗಳು ಪರವಾಗಿಲ್ಲ. ದೂರದವು ಮಾತ್ರ ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ.

ಲ್ಯಾಬ್‌ನಲ್ಲಿ ಒಬ್ಬರು ‘ಇದೇ ನಿನ್ನ ಪೇಪರ್’ ಅಂದರು. ಇನ್ನೊಬ್ಬರು ‘ಇದರಲ್ಲಿ ಹೊಸದೇನೂ ಇಲ್ಲ’ ಅಂದರು. ಎರಡೂ ಒಟ್ಟಿಗೆ ನಿಜ ಆಗಲ್ಲ ಅಲ್ವಾ?

ನಾನು ಕೇಳಬೇಕಾದ್ದು: ಇದರಿಂದ ‘ಮನುಷ್ಯರ ನೋವಿನ ನರಕೋಶದಲ್ಲಿ ಜೀನ್ ನಿಯಂತ್ರಣ ಬೇರೆಯೇ’ ಅಂತ ಹೇಳಬಹುದಾ? ಪೀಕ್‌ಗೆ ಹತ್ತಿರದಲ್ಲಿರುವ ಜೀನೇ ಅದರ ಜೀನ್ ಅಂತ ಇಟ್ಟುಕೊಂಡರೆ ನಡೆಯುತ್ತದಾ? ಇದನ್ನೆಲ್ಲ ಸ್ವಲ್ಪ ಸರಳವಾದ ಪ್ರಾಣಿಯಲ್ಲಿ ನೋಡಿ ಕಲಿಯಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

---

ಸೂಕ್ಷ್ಮತಂತು

ಈ ಪ್ರಶ್ನೆ ನೋಡಿ ನಿಜವಾಗಿ ಖುಷಿಯಾಯಿತು. ಮೊದಲು ಹುಳು, ಆಮೇಲೆ ಮೂಗು, ಈಗ ಇದೇ ಗ್ಯಾಂಗ್ಲಿಯಾನ್, ಹೀಗೆ ನಾನು ಸಂವೇದನಾ ನರಕೋಶಗಳ ಹಿಂದೆಯೇ ಇರುವವಳು. ಕೆಲಸವೆಲ್ಲ ಕಂಪ್ಯೂಟರ್ ಮುಂದೆ. ಉತ್ತರ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಮೊದಲನೆಯದಕ್ಕೆ ನೇರ ಉತ್ತರ: ಇಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ನೀವು ಕಂಡದ್ದು ನಿಜವೇ. ಆದರೆ ಅದು ನೋವಿನ ನರಕೋಶಕ್ಕೆ ಮಾತ್ರ ಸೇರಿದ್ದಲ್ಲ. 2015ರಲ್ಲಿ 20 ಸಸ್ತನಿಗಳ ಲಿವರ್ ತೆಗೆದುಕೊಂಡು ಪ್ರೊಮೋಟರ್ (ಜೀನ್ ಶುರುವಾಗುವ ಕಡೆಯ ಡಿಎನ್‌ಎ), ಎನ್‌ಹ್ಯಾನ್ಸರ್ (ದೂರದಿಂದ ಜೀನ್ ಆನ್ ಮಾಡುವ ತುಣುಕು) ಎರಡನ್ನೂ ಹೋಲಿಸಿದ ಕೆಲಸ ಬಂತು. ಪ್ರೊಮೋಟರ್‌ಗಳು ಬಹುಮಟ್ಟಿಗೆ ಉಳಿದುಕೊಂಡಿದ್ದವು. ಎನ್‌ಹ್ಯಾನ್ಸರ್‌ಗಳು ಬಲು ಬೇಗ ಬದಲಾಗಿದ್ದವು. ಹಾಗಂತ ಲಿವರ್ ಮಾಡುವ ಕೆಲಸ ಅಷ್ಟು ಬದಲಾಗಿದೆಯಾ? ಇಲ್ಲವಲ್ಲ. ಹಾಗಾಗಿ ನಿಮ್ಮ ಲ್ಯಾಬ್‌ನ ಇಬ್ಬರಿಗೂ ಇನ್ನೂ ತೀರ್ಪು ಕೊಡಬೇಡಿ. ಇದೇ ಎರಡು ಪ್ರಾಣಿಗಳ ಬೇರೊಂದು ಕೋಶದ ಡೇಟಾ ತನ್ನಿ. ಅದೇ ಪೈಪ್‌ಲೈನ್, ಅದೇ ಕಟ್‌ಆಫ್ ಹಾಕಿ. ಅಲ್ಲಿ ಬರುವ ಬದಲಾವಣೆಗಿಂತ ನೋಸಿಸೆಪ್ಟರ್‌ನಲ್ಲಿ ಜಾಸ್ತಿ ಇದ್ದರೆ, ಆ ಜಾಸ್ತಿ ಇರುವ ಪಾಲು ಮಾತ್ರ ನಿಮ್ಮ ಕಥೆ.

ಎರಡು ಪ್ರಾಣಿಗಳ ಪೀಕ್ ಹೋಲಿಸುವಾಗ ಮೂರು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡುಬಿಡುತ್ತವೆ. ಅದೇ ಕೋಶವಾ? ಅದೇ ಸ್ವಿಚ್ಚಾ, ಅಂದರೆ ಜೀನ್ ಆನ್ ಮಾಡುವ ವ್ಯವಸ್ಥೆ ಅದೇನಾ? ಅದೇ ಡಿಎನ್‌ಎ ಅಕ್ಷರಗಳಾ? ಲಿಫ್ಟ್‌ಓವರ್ ನೋಡುವುದು ಮೂರನೆಯದನ್ನು ಮಾತ್ರ. ನಿಮಗೆ ಬೇಕಾಗಿರುವುದು ಎರಡನೆಯದು. ಮೊದಲನೆಯದು ಗಟ್ಟಿಯಾಗದೆ ಇನ್ನೆರಡಕ್ಕೂ ಅರ್ಥ ಇಲ್ಲ.

ಅದೇ ಕೋಶವಾ ಅನ್ನುವುದು ಈ ಅಂಗಾಂಶದಲ್ಲಿ ದೊಡ್ಡ ತಲೆನೋವು. ಇಲಿಯಲ್ಲಿ ಎನ್‌ಇಎಫ್‌ಎಚ್ ಜೀನ್ ಜೋರಾಗಿ ಕಂಡರೆ ಅದು ಮಯಲಿನ್ ಅನ್ನುವ ಹೊದಿಕೆ ಸುತ್ತಿದ ದಪ್ಪ ನರಕೋಶ ಅಂತ ಗುರುತು ಹಿಡಿಯುತ್ತೇವೆ. ಮನುಷ್ಯರಲ್ಲಿ ಅದು ಹೆಚ್ಚುಕಮ್ಮಿ ಎಲ್ಲ ಸಂವೇದನಾ ನರಕೋಶಗಳಲ್ಲೂ ಇದೆ. ಬಿಸಿ ಹಿಡಿಯುವ ಚಾನೆಲ್‌ನ ಜೀನ್ ಟಿಆರ್‌ಪಿವಿ1 ಕೂಡ ಮನುಷ್ಯರಲ್ಲಿ ಇಲಿಗಿಂತ ಜಾಸ್ತಿ ಬಗೆಯ ಕೋಶಗಳಲ್ಲಿ ಹರಡಿದೆ. ಇಲಿಯ ಮಾರ್ಕರ್ ಪಟ್ಟಿ ಹಿಡಿದು ಮನುಷ್ಯರ ಕ್ಲಸ್ಟರ್‌ಗೆ (ಒಂದೇ ಥರದ ಕೋಶಗಳ ಗುಂಪಿಗೆ) ಹೆಸರಿಟ್ಟರೆ ಬುಡವೇ ಅಲ್ಲಾಡುತ್ತದೆ. ಇಡೀ ಆರ್‌ಎನ್‌ಎ ಪ್ರೊಫೈಲ್ ಜೋಡಿಸಿ, ಎರಡೂ ಕಡೆಯಿಂದ ಹೊಂದಿಕೆ ನೋಡಿ. ಜೋಡಿಸುವಾಗ ಒಂದಕ್ಕೆ ಒಂದೇ ಇರುವ ಆರ್ಥೊಲಾಗ್ ಜೀನ್‌ಗಳನ್ನೇ (ಎರಡೂ ಪ್ರಾಣಿಗೆ ಒಂದೇ ಪೂರ್ವಜ ಜೀನ್‌ನಿಂದ ಬಂದವನ್ನು) ಬಳಸುತ್ತೀರಿ ಅಂತ ಗೊತ್ತು. ಆದರೆ ತುರಿಕೆಗೆ ಸಂಬಂಧಿಸಿದ ಎಂಆರ್‌ಜಿಪಿಆರ್ ಕುಟುಂಬ ಇಲಿಯಲ್ಲಿ ಒಂದು ದಿಕ್ಕಿಗೆ, ಪ್ರೈಮೇಟ್‌ಗಳಲ್ಲಿ ಇನ್ನೊಂದು ದಿಕ್ಕಿಗೆ ಬೆಳೆದಿದೆ. ಆ ಫಿಲ್ಟರ್ ಹಾಕಿದ ಕೂಡಲೇ ಅವುಗಳಲ್ಲಿ ಬಹಳಷ್ಟು ಜೀನ್‌ಗಳು ಪಟ್ಟಿಯಿಂದ ಉದುರಿಹೋಗುತ್ತವೆ. ಬದಲಾವಣೆ ಹುಡುಕಲು ಹೊರಟವರು ಬದಲಾದದ್ದನ್ನೇ ಮೊದಲು ಬಿಸಾಡಿದ ಹಾಗಾಗುತ್ತದೆ. ಅವನ್ನು ಬೇರೆ ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ಇನ್ನು ಸ್ವಿಚ್. ನಿಮ್ಮ ಮೂರನೇ ಪ್ರಶ್ನೆಗೂ ಇದೇ ಉತ್ತರ: ಸಿ. ಎಲೆಗನ್ಸ್ ಹುಳುವಿನಿಂದ ಶುರು ಮಾಡಿ. ಅದರ ಹರ್ಮಾಫ್ರೊಡೈಟ್‌ಗೆ ಇರುವುದು 302 ನರಕೋಶ, ಒಂದೊಂದಕ್ಕೂ ಹೆಸರಿದೆ. ಅದರಲ್ಲಿ ಎಎಸ್‌ಇ ಅಂತ ಒಂದು ಜೋಡಿ, ಉಪ್ಪಿನ ರುಚಿ ಹಿಡಿಯುವುದು ಅದರ ಕೆಲಸ. ಎಡಗಡೆಯದು ಸೋಡಿಯಂ ಹಿಡಿಯುತ್ತದೆ, ಬಲಗಡೆಯದು ಕ್ಲೋರೈಡ್ ಮತ್ತು ಪೊಟ್ಯಾಸಿಯಂ. ಚೆ-1 ಅನ್ನುವ ಒಂದೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ (ಡಿಎನ್‌ಎ ಮೇಲೆ ಕೂತು ಜೀನ್ ಆನ್ ಮಾಡುವ ಪ್ರೊಟೀನ್) ಆ ಕೋಶದ ರುಚಿ ಗ್ರಾಹಕಗಳಿಂದ ಹಿಡಿದು ಬಹುಪಾಲು ವಿಶೇಷ ಜೀನ್‌ಗಳನ್ನು ಆನ್ ಮಾಡುತ್ತದೆ. ತನ್ನನ್ನೂ ತಾನೇ ಆನ್ ಇಟ್ಟುಕೊಳ್ಳುತ್ತದೆ. ಚೆ-1 ಕೆಟ್ಟರೆ ಕೋಶ ಹುಟ್ಟುತ್ತದೆ, ತನ್ನ ಜಾಗದಲ್ಲೇ ಇರುತ್ತದೆ. ಆದರೆ ಅದು ಉಪ್ಪು ಹಿಡಿಯುವ ಕೋಶ ಆಗುವುದಿಲ್ಲ. ಆಲಿವರ್ ಹೋಬರ್ಟ್ ಇಂಥ ಫ್ಯಾಕ್ಟರ್‌ಗಳಿಗೆ ಟರ್ಮಿನಲ್ ಸೆಲೆಕ್ಟರ್ ಅಂತ ಹೆಸರಿಟ್ಟರು. ಎಡ–ಬಲದ ವ್ಯತ್ಯಾಸ ಬರುವುದು ಇದರ ಮೇಲೆ ಕೂತ ಇನ್ನೊಂದು ಪದರದಿಂದ. ಎಲ್‌ಎಸ್‌ವೈ-6 ಅನ್ನುವ ಪುಟ್ಟ ಮೈಕ್ರೋಆರ್‌ಎನ್‌ಎ (ಬೇರೆ ಜೀನ್‌ಗಳನ್ನು ಅದುಮುವ ತುಣುಕು) ಎಡಗಡೆಯಲ್ಲಿ ಮಾತ್ರ ಇರುತ್ತದೆ. ಅದು ಪತ್ತೆಯಾದದ್ದು 2003ರಲ್ಲಿ.

ಕಂಪ್ಯೂಟರ್‌ನವರಿಗೆ ಇಲ್ಲಿ ಕಲಿಯಲು ಒಂದು ಮುಖ್ಯ ವಿಷಯ ಇದೆ. ಚೆ-1 ಕೂರುವ ಮೋಟಿಫ್, ಅಂದರೆ ಅದು ಗುರುತು ಹಿಡಿಯುವ ಅಕ್ಷರಗಳ ಸಾಲು, ಚಿಕ್ಕದು, ಹತ್ತು ಹನ್ನೆರಡು ಅಕ್ಷರದ್ದು. ಇಡೀ ಜೀನೋಮ್‌ನಲ್ಲಿ ಹುಡುಕಿದರೆ ಎಎಸ್‌ಇಗೆ ಸಂಬಂಧವೇ ಇಲ್ಲದ ಕಡೆಯೂ ಬೇಕಾದಷ್ಟು ಸಿಗುತ್ತದೆ. ಮೋಟಿಫ್ ಇದೆ ಅಂದ ಮಾತ್ರಕ್ಕೆ ಜೀನ್ ಆನ್ ಆಗಬೇಕಿಲ್ಲ. ಸುತ್ತಮುತ್ತಲಿನ ಅಕ್ಷರಗಳು, ಆ ಜಾಗ ತೆರೆದಿದೆಯಾ ಮುಚ್ಚಿದೆಯಾ, ಹತ್ತಿರದ ಸಂಬಂಧಿ ಹುಳುಗಳಲ್ಲಿ ಅದೇ ಜೀನ್ ಮುಂದೆ ಮೋಟಿಫ್ ಉಳಿದಿದೆಯಾ, ಇವೆಲ್ಲ ಸೇರಿದಾಗಲೇ ಭವಿಷ್ಯ ಹೇಳಲು ಧೈರ್ಯ ಬರುವುದು.

ಮೂರನೆಯದು ಅಕ್ಷರಗಳು. ಇಲ್ಲಿ ನಿಮ್ಮ ಕೋಶಕ್ಕೇ ಹತ್ತಿರದ ಉದಾಹರಣೆ ಕೊಡುತ್ತೇನೆ. ರೆಟ್ ಜೀನ್ ನಿಮ್ಮ ನೋಸಿಸೆಪ್ಟರ್‌ಗಳಲ್ಲಿ ಒಂದು ಗುಂಪಿಗೆ ಬೇಕೇ ಬೇಕು. 2006ರಲ್ಲಿ ಮನುಷ್ಯರ ರೆಟ್ ಸುತ್ತಲಿನ ತುಣುಕುಗಳನ್ನು ಜೀಬ್ರಾಫಿಶ್‌ಗೆ ಹಾಕಿ ನೋಡಿದರು. ಮೀನಿನ ಡಿಎನ್‌ಎಯಲ್ಲಿ ಅವಕ್ಕೆ ಹೋಲುವ ಸಾಲು ಕಾಣುವುದೇ ಇಲ್ಲ. ಆದರೂ ಮೀನಿನ ರೆಟ್ ಎಲ್ಲಿ ಆನ್ ಆಗುತ್ತದೋ ಅಲ್ಲೇ ಇವೂ ಕೆಲಸ ಮಾಡಿದವು! ಒಕ್ಕಲು ಮನೆ ಬದಲಾಯಿಸಿದರೂ ಮಾಡುವ ಬೇಸಾಯ ಅದೇ ಇದ್ದ ಹಾಗೆ. ಎರಡು ಜೀನೋಮ್‌ನ ಅಕ್ಷರಗಳನ್ನು ಸಾಲಿಗೆ ಸಾಲು ಹೊಂದಿಸುವ ಅಲೈನ್‌ಮೆಂಟ್‌ನಲ್ಲಿ ಇದು ‘ಕಳೆದುಹೋಗಿದೆ’ ಅಂತ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಬಾರದೆ ಉಳಿದ ಪೀಕ್‌ಗಳಲ್ಲಿ ಇಂಥವು ಎಷ್ಟಿವೆ ಅಂತ ಲಿಫ್ಟ್‌ಓವರ್ ಎಂದೂ ಹೇಳುವುದಿಲ್ಲ.

ಹತ್ತಿರದ ಜೀನ್ ವಿಷಯ: ನಡೆಯಲ್ಲ, ಅದೂ ನಿಮ್ಮ ಕೋಶದಲ್ಲಿ ಖಂಡಿತ ನಡೆಯಲ್ಲ. ಎಸ್‌ಸಿಎನ್10ಎ ನೋಡಿ. ನೋವಿನ ನರಕೋಶದ ಸೋಡಿಯಂ ಚಾನೆಲ್ ಅದು, ನಿಮ್ಮ ಬ್ರೌಸರ್‌ನಲ್ಲಿ ಈಗಲೇ ತೆರೆದಿರಬಹುದು. ಅದರ ಪಕ್ಕದಲ್ಲೇ ಎಸ್‌ಸಿಎನ್5ಎ ಇದೆ, ಅದು ಹೃದಯದ ಚಾನೆಲ್. ಎಸ್‌ಸಿಎನ್10ಎಯ ಇಂಟ್ರಾನ್ (ಜೀನ್‌ನೊಳಗೆ ಇದ್ದೂ ಪ್ರೊಟೀನ್‌ಗೆ ಸೇರದ ಭಾಗ) ಒಳಗೆ ಒಂದು ಎನ್‌ಹ್ಯಾನ್ಸರ್ ಇದೆ. ಹೃದಯದಲ್ಲಿ ಅದು ಹೋಗಿ ಮುಟ್ಟುವುದು ಎಸ್‌ಸಿಎನ್5ಎಯ ಪ್ರೊಮೋಟರನ್ನು. ಇಸಿಜಿಯ ಅಳತೆಗಳಿಗೆ ಸಂಬಂಧಿಸಿದ ಮನುಷ್ಯರ ರೂಪಾಂತರಗಳು ಎಸ್‌ಸಿಎನ್10ಎ ಒಳಗೆ ಸಿಕ್ಕಾಗ ಹೃದಯಕ್ಕೂ ನೋವಿನ ಚಾನೆಲ್‌ಗೂ ಏನು ನಂಟು ಅಂತ ಬಹಳ ಚರ್ಚೆ ಆಗಿತ್ತು. ಆ ಚರ್ಚೆ ತಿಳಿಯಾಗಲು ಈ ಎನ್‌ಹ್ಯಾನ್ಸರ್ ದೊಡ್ಡ ಕಾರಣ. ಜೀನ್‌ನ ಹೊಟ್ಟೆಯೊಳಗೇ ಇರುವ ಪೀಕ್ ಕೂಡ ಅದರದ್ದೇ ಆಗಬೇಕಿಲ್ಲ.

ಮೂಗಿನಲ್ಲಂತೂ ಇದು ಇನ್ನೂ ಮುಂದೆ ಹೋಗುತ್ತದೆ. ವಾಸನೆಯ ಗ್ರಾಹಕ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದರು, 2004ರಲ್ಲಿ ನೊಬೆಲ್ ಬಂತು. ಇಲಿಯಲ್ಲಿ ಅಂಥ ಜೀನ್‌ಗಳು ಸಾವಿರಕ್ಕೂ ಮೇಲೆ. ಬಲಿತ ಒಂದು ನರಕೋಶದಲ್ಲಿ ಆನ್ ಆಗುವುದು ಮಾತ್ರ ಒಂದೇ ಒಂದು, ಅದೂ ಅಪ್ಪನ ಅಥವಾ ಅಮ್ಮನ ಒಂದು ಪ್ರತಿ. ಉಳಿದವೆಲ್ಲ ಹೆಟೆರೊಕ್ರೊಮ್ಯಾಟಿನ್‌ನಲ್ಲಿ ಬಿಗಿಯಾಗಿ ಮುಚ್ಚಿರುತ್ತವೆ. ಆ ಒಂದನ್ನು ಆನ್ ಮಾಡಲು ಬೇರೆ ಬೇರೆ ಕ್ರೋಮೋಸೋಮ್‌ಗಳಲ್ಲಿರುವ ಎನ್‌ಹ್ಯಾನ್ಸರ್‌ಗಳು ನ್ಯೂಕ್ಲಿಯಸ್ ಒಳಗೆ ಒಂದೇ ಕಡೆ ಬಂದು ಸೇರುತ್ತವೆ. ಸ್ಟಾವ್ರೋಸ್ ಲೊಮ್ವಾರ್ದಾಸ್ ಅವರ ಗುಂಪು ಇಂಥ 63 ಎನ್‌ಹ್ಯಾನ್ಸರ್‌ಗಳನ್ನು ಗುರುತಿಸಿ ಗ್ರೀಕ್ ದ್ವೀಪಗಳ ಹೆಸರಿಟ್ಟಿದೆ. ಅವುಗಳ ಮೇಲೆ ಎಲ್‌ಎಚ್‌ಎಕ್ಸ್2 ಮತ್ತು ಇಬಿಎಫ್ ಒಟ್ಟಿಗೆ ಕೂರುತ್ತವೆ, ಎಲ್‌ಡಿಬಿ1 ಅವನ್ನು ಒಂದಕ್ಕೊಂದು ಬೆಸೆಯುತ್ತದೆ. ಹತ್ತಿರದ ಜೀನ್ ಅನ್ನುವ ನಿಯಮ ಇಲ್ಲಿ ಏನು ಮಾಡೀತು?

---

ಕೋಡ್‌ನಿಂದಕೋಶಕ್ಕೆ

ಬಹಳ ಥ್ಯಾಂಕ್ಸ್ ಮೇಡಂ. ಎಸ್‌ಸಿಎನ್10ಎ ನಿಜವಾಗಿಯೂ ತೆರೆದಿಟ್ಟಿದ್ದೆ, ಇಂಟ್ರಾನ್ ಪೀಕ್ ಈಗ ಬೇರೆ ಥರ ಕಾಣಿಸುತ್ತಿದೆ.

ಅಲೈನ್‌ಮೆಂಟ್ ಬಿಟ್ಟು ಸ್ವಿಚ್ ನೋಡಬೇಕು ಅಂದರೆ ಹೇಗೆ? ಇಲಿಯ ನೋಸಿಸೆಪ್ಟರ್ ಪೀಕ್ ಮೇಲೆ ಡಿಎನ್‌ಎ ಸಾಲು ನೋಡಿ ಅದು ತೆರೆದಿದೆಯಾ ಅಂತ ಹೇಳುವ ಒಂದು ಕನ್ವಲ್ಯೂಷನ್ ಮಾಡೆಲ್ (ನ್ಯೂರಲ್ ನೆಟ್‌ವರ್ಕ್) ಟ್ರೇನ್ ಮಾಡಿ, ಮನುಷ್ಯರ ಪೀಕ್ ಮೇಲೆ ಪರೀಕ್ಷೆ ಮಾಡೋಣ ಅಂತಿದ್ದೇನೆ. ನೆಗೆಟಿವ್ ಆಗಿ (ಪೀಕ್‌ಗಳಿಗೆ ಎದುರು ಉದಾಹರಣೆಗಳಾಗಿ) ಜೀನೋಮ್‌ನ ಎಲ್ಲಿಂದಲಾದರೂ ಆರಿಸಿದ, ಜಿ ಮತ್ತು ಸಿ ಅಕ್ಷರಗಳ (ಜಿಸಿ) ಪ್ರಮಾಣ ಸರಿಹೊಂದುವ ತುಣುಕುಗಳು ಸಾಕಾ? ಯಾವ ಕ್ರೋಮೋಸೋಮ್ ಪರೀಕ್ಷೆಗೆ ಎತ್ತಿಡಲಿ?

---

ಪಿಪೆಟ್‌ಹಿಡಿದವರು

ಮಾಡೆಲ್ ವಿಷಯ ಸೂಕ್ಷ್ಮತಂತು ಅವರು ಹೇಳಲಿ. ನಾನು ಅಂಗಾಂಶ ಕೈಯಲ್ಲಿ ಹಿಡಿಯುವವನು, ಆ ಕಡೆಯಿಂದ ಎರಡು ಮಾತು.

ಮನುಷ್ಯರ ಗ್ಯಾಂಗ್ಲಿಯಾನ್ ಹೆಚ್ಚಾಗಿ ಬರುವುದು ಅಂಗದಾನಿಗಳಿಂದ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ತೆಗೆದದ್ದರಿಂದ. ಇಲಿಯದ್ದು ಆರೋಗ್ಯವಾದ ಎಳೆ ಪ್ರಾಣಿಯಿಂದ, ಕೆಲವೇ ನಿಮಿಷದಲ್ಲಿ. ವಯಸ್ಸು, ಹಳೆಯ ಗಾಯ, ಕೊಟ್ಟ ಔಷಧಿ, ಐಸ್ ಮೇಲೆ ಕಳೆದ ಹೊತ್ತು, ಎಲ್ಲವೂ ಬೇರೆ. ನರ ಗಾಯಗೊಂಡರೆ ಈ ಕೋಶಗಳಲ್ಲಿ ಎಟಿಎಫ್3 ಅನ್ನುವ ಫ್ಯಾಕ್ಟರ್ ಮೇಲೇಳುತ್ತದೆ. ಒತ್ತಡದಲ್ಲಿ ಎಪಿ-1 ಅನ್ನುವ ಫ್ಯಾಕ್ಟರ್ ಗುಂಪಿನ ಮೋಟಿಫ್ ಇರುವ ಜಾಗಗಳು ತೆರೆದುಕೊಳ್ಳುತ್ತವೆ. ಹಾಗಾಗಿ ‘ಮನುಷ್ಯರಲ್ಲಿ ಮಾತ್ರ’ ಅಂತ ಬಂದ ಪೀಕ್‌ಗಳಲ್ಲಿ ಎಪಿ-1 ತುಂಬಿಕೊಂಡಿದ್ದರೆ ಅದನ್ನು ವಿಕಾಸ ಅಂತ ಬರೆಯಬೇಡಿ. ಅದು ಆ ದಿನ ಆ ಕೋಶ ಇದ್ದ ಸ್ಥಿತಿ ಇರಬಹುದು. ಇಲಿಯಲ್ಲಿ ನರಕ್ಕೆ ಗಾಯ ಮಾಡಿದ ನಂತರದ ಡೇಟಾ ಸಿಕ್ಕರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ. ಇನ್ನೊಂದು: ಮನುಷ್ಯರ ಒಂದೊಂದು ನರಕೋಶವನ್ನೂ ಬಹಳಷ್ಟು ಸ್ಯಾಟಲೈಟ್ ಗ್ಲಿಯಾ ಅನ್ನುವ ಸಹಾಯಕ ಕೋಶಗಳು ಸುತ್ತಿಕೊಂಡಿರುತ್ತವೆ. ಅವುಗಳ ಡಿಎನ್‌ಎ ನರಕೋಶದ ಬಾರ್‌ಕೋಡ್‌ನೊಳಗೆ (ಪ್ರತಿ ನ್ಯೂಕ್ಲಿಯಸ್‌ಗೆ ಹಾಕುವ ಗುರುತಿನೊಳಗೆ) ನುಸುಳುತ್ತದೆ. ಗ್ಲಿಯಾದ ಪೀಕ್ ಪಟ್ಟಿ ಇಟ್ಟುಕೊಂಡು ಒಮ್ಮೆ ಜಾಲಾಡಿ.

ಇವೆಲ್ಲ ಗೊಂದಲದಿಂದ ತಪ್ಪಿಸಿಕೊಳ್ಳಲು ನನಗೆ ಬಹಳ ಇಷ್ಟವಾದ ದಾರಿ ಸಂಕರ ಇಲಿ. ಮಸ್ ಮಸ್ಕ್ಯುಲಸ್ ಮತ್ತು ಮಸ್ ಸ್ಪ್ರೀಟಸ್ ಎರಡು ಬೇರೆ ಜಾತಿ. ಅವುಗಳ ಮೊದಲ ಪೀಳಿಗೆಯ ಮರಿಯಲ್ಲಿ ಎರಡೂ ಜೀನೋಮ್ ಒಂದೇ ನ್ಯೂಕ್ಲಿಯಸ್ ಒಳಗಿರುತ್ತವೆ. ಸುತ್ತ ಇರುವ ಪ್ರೊಟೀನ್‌ಗಳು ಒಂದೇ, ಒತ್ತಡ ಒಂದೇ, ವಯಸ್ಸು ಒಂದೇ. ಆದರೂ ಒಂದು ಕಡೆಯ ಪ್ರತಿ ತೆರೆದು ಇನ್ನೊಂದು ಮುಚ್ಚಿದ್ದರೆ ಕಾರಣ ಆ ಡಿಎನ್‌ಎಯಲ್ಲೇ ಇದೆ. ಅಪ್ಪ ಅಮ್ಮನ ಜಾತಿಗಳಲ್ಲಿ ವ್ಯತ್ಯಾಸ ಇದ್ದು ಮರಿಯಲ್ಲಿ ಅದು ಮಾಯವಾದರೆ ಕಾರಣ ಹೊರಗಿನ ಪ್ರೊಟೀನ್‌ಗಳಲ್ಲಿದೆ. ಇಲಿ–ಮನುಷ್ಯರ ನಡುವೆ ಈ ಪರೀಕ್ಷೆ ಸಾಧ್ಯ ಇಲ್ಲ, ನಿಜ. ಆದರೆ ನೋಸಿಸೆಪ್ಟರ್‌ನಲ್ಲಿ ಯಾವ ಬಗೆಯ ಜಾಗ ಬೇಗ ಬದಲಾಗುತ್ತದೆ ಅಂತ ಇಲ್ಲಿ ಶುದ್ಧವಾಗಿ ತಿಳಿಯುತ್ತದೆ.

ಕೊನೆಗೆ ಎನ್‌ಹ್ಯಾನ್ಸರ್ ಕೆಲಸ ಮಾಡುತ್ತದಾ ಅಂತ ಹಾಕಿಯೇ ನೋಡಬೇಕು. ಕಣ್ಣಿನವರು ಇದರಲ್ಲಿ ನಮಗಿಂತ ಮುಂದಿದ್ದಾರೆ. ಸಿಆರ್‌ಎಕ್ಸ್ ಅನ್ನುವ ಫ್ಯಾಕ್ಟರ್ ಕೂತ ಜಾಗಗಳ ಪುಟ್ಟ ತುಣುಕುಗಳನ್ನು ಸಾವಿರದ ಲೆಕ್ಕದಲ್ಲಿ ಇಲಿಯ ರೆಟಿನಾಗೆ ಒಟ್ಟಿಗೆ ಹಾಕಿ, ಒಂದೊಂದೂ ಎಷ್ಟು ಆರ್‌ಎನ್‌ಎ ಕೊಡುತ್ತದೆ ಅಂತ ಅಳೆದರು. ಸಿಆರ್‌ಎಕ್ಸ್ ಮೋಟಿಫ್ ಇದ್ದರೂ ಜೀನೋಮ್‌ನಲ್ಲಿ ಅದು ಕೂರದ ತುಣುಕುಗಳನ್ನೂ ಜೊತೆಗೆ ಹಾಕಿದ್ದರು. ಕೂತ ತುಣುಕುಗಳೇ ಚೆನ್ನಾಗಿ ಕೆಲಸ ಮಾಡಿದವು. ಅಂದರೆ ಗುಟ್ಟು ಮೋಟಿಫ್‌ನ ಅಕ್ಕಪಕ್ಕದ ಅಕ್ಷರಗಳಲ್ಲೇ ಬಹಳಷ್ಟು ಇತ್ತು. ಆ 2013ರ ಪ್ರಯೋಗದ ವಿನ್ಯಾಸವನ್ನು ಒಮ್ಮೆ ಕೂತು ಓದಿ.

---

ಸೂಕ್ಷ್ಮತಂತು

ಪಿಪೆಟ್‌ಹಿಡಿದವರು ಹೇಳಿದ ಎಪಿ-1 ಪರೀಕ್ಷೆಯನ್ನು ಮಾಡೆಲ್‌ಗಿಂತ ಮೊದಲೇ ಮಾಡಿ.

ಈಗ ಮಾಡೆಲ್. ನಿಮ್ಮ ಯೋಚನೆ ಸರಿಯಾದ ದಾರಿಯಲ್ಲೇ ಇದೆ. ಇಲಿಯಲ್ಲಿ ಕಲಿತ ಮಾಡೆಲ್, ಮನುಷ್ಯರ ನೋಸಿಸೆಪ್ಟರ್ ಪೀಕ್‌ಗಳನ್ನು ಚೆನ್ನಾಗಿ ಗುರುತಿಸಿದರೆ, ಜಾಗಗಳು ಬದಲಾಗಿದ್ದರೂ ಓದುವ ಫ್ಯಾಕ್ಟರ್‌ಗಳು ಅವೇ ಅಂತ ಹೇಳಲು ಆಧಾರ ಸಿಗುತ್ತದೆ. ಆದರೆ ನೆಗೆಟಿವ್ ಆರಿಸುವುದರಲ್ಲೇ ಇಡೀ ಕೆಲಸದ ಪ್ರಾಣ ಇದೆ. ಜೀನೋಮ್‌ನ ಎಲ್ಲಿಂದಲೋ ತಂದ ತುಣುಕುಗಳ ವಿರುದ್ಧ ಟ್ರೇನ್ ಮಾಡಿದರೆ ಮಾಡೆಲ್ ಕಲಿಯುವುದು ‘ತೆರೆದ ಜಾಗ ಹೇಗಿರುತ್ತದೆ’ ಅನ್ನುವುದನ್ನು. ಸಿಟಿಸಿಎಫ್ ಅನ್ನುವ ಪ್ರೊಟೀನ್ ಕೂರುವ ಜಾಗ, ಪ್ರೊಮೋಟರ್ ಮುಂತಾದವು ಎಲ್ಲ ಕೋಶದಲ್ಲೂ ತೆರೆದಿರುತ್ತವೆ. ಅಂಕ ಚೆನ್ನಾಗಿ ಬರುತ್ತದೆ, ನೋಸಿಸೆಪ್ಟರ್ ಬಗ್ಗೆ ಮಾತ್ರ ಏನೂ ತಿಳಿದಿರುವುದಿಲ್ಲ. ಅದರ ಬದಲು ಅದೇ ಗ್ಯಾಂಗ್ಲಿಯಾನ್‌ನ ಬೇರೆ ಕೋಶಗಳಲ್ಲಿ ತೆರೆದು ನೋಸಿಸೆಪ್ಟರ್‌ನಲ್ಲಿ ಮುಚ್ಚಿರುವ ಜಾಗಗಳನ್ನು ಕೊಡಿ. ಸ್ಪರ್ಶದ ನರಕೋಶ, ಗ್ಲಿಯಾ, ಎರಡನ್ನೂ ಬೇರೆ ಬೇರೆ ಕೊಟ್ಟು ನೋಡಿ. ಗ್ಲಿಯಾ ವಿರುದ್ಧ ಗೆಲ್ಲುವುದು ಸುಲಭ. ಸ್ಪರ್ಶದ ನರಕೋಶದ ವಿರುದ್ಧ ಗೆಲ್ಲುವುದೇ ನಿಜವಾದ ಪರೀಕ್ಷೆ.

ಇನ್ನೂ ಕಟ್ಟುನಿಟ್ಟಾದ ನೆಗೆಟಿವ್ ಒಂದಿದೆ. ಇಲಿಯಲ್ಲಿ ತೆರೆದಿದ್ದು, ಮನುಷ್ಯರಲ್ಲಿ ಅಲೈನ್ ಆಗಿಯೂ ಮುಚ್ಚಿರುವ ಜಾಗಗಳು. ಸಾಲು ಹೆಚ್ಚುಕಮ್ಮಿ ಒಂದೇ, ಫಲ ಬೇರೆ. ಅಲ್ಲಿ ಮಾಡೆಲ್ ವ್ಯತ್ಯಾಸ ಹಿಡಿದರೆ ಮಾತ್ರ ‘ಈ ಅಕ್ಷರ ಬದಲಾದ್ದರಿಂದ ಈ ಎನ್‌ಹ್ಯಾನ್ಸರ್ ಹೋಯಿತು’ ಅನ್ನಬಹುದು. ಜೂನೋಮಿಯಾ ಯೋಜನೆ 2023ರಲ್ಲಿ 240 ಸಸ್ತನಿ ಜಾತಿಗಳ ಜೀನೋಮ್‌ಗಳನ್ನು ಜೋಡಿಸಿ ಕೊಟ್ಟಿದೆ. ಮಾಡೆಲ್ ಇಷ್ಟು ಗಟ್ಟಿಯಾದ ಮೇಲೆ, ಡೇಟಾ ಇಲ್ಲದ ಪ್ರಾಣಿಗಳಲ್ಲೂ ಆ ಜಾಗ ತೆರೆದಿರಬಹುದಾ ಅಂತ ಕೇಳಲು ಅದು ಸಿಗುತ್ತದೆ. ಅಷ್ಟಕ್ಕೆ ಮುಂಚೆ ಬೇಡ.

ಕ್ರೋಮೋಸೋಮ್ ಎತ್ತಿಡುವುದು: ಇಲಿಯ ಕ್ರೋಮೋಸೋಮ್ ಒಂದನ್ನೇ ನೋಡಿ ಎತ್ತಿಡಬೇಡಿ. ಎಸ್‌ಸಿಎನ್10ಎ ಮನುಷ್ಯರಲ್ಲಿ 3ನೇ ಕ್ರೋಮೋಸೋಮ್ ಮೇಲಿದೆ, ಇಲಿಯಲ್ಲಿ 9ರ ಮೇಲೆ. ಇಲಿಯ 9 ಟ್ರೇನಿಂಗ್‌ನಲ್ಲಿದ್ದು ಮನುಷ್ಯರ 3 ಪರೀಕ್ಷೆಯಲ್ಲಿದ್ದರೆ ಮಾಡೆಲ್ ಅದೇ ಜಾಗವನ್ನು ಮೊದಲೇ ನೋಡಿಬಿಟ್ಟಿರುತ್ತದೆ. ಆರ್ಥೊಲಾಗ್ ಪ್ರದೇಶಗಳನ್ನು ಜೋಡಿಯಾಗಿ ಎತ್ತಿಡಿ. ಒಂದರ ಅಲೈನ್‌ಮೆಂಟ್ ಎಲ್ಲಿಗೆ ಹೋಗುತ್ತದೋ ಅದೂ ಟ್ರೇನಿಂಗ್‌ನಿಂದ ಹೊರಗೆ.

ಮಾಡೆಲ್ ಏನು ಕಲಿತಿದೆ ಅಂತ ತೆಗೆದು ನೋಡಿದಾಗ ಪಿಒಯು ಮತ್ತು ಲಿಮ್-ಹೋಮಿಯೊಡೊಮೇನ್ ಬಗೆಯ ಮೋಟಿಫ್ ಬರಬೇಕು. ಪಿಒಯು4ಎಫ್1 ಮತ್ತು ಐಎಸ್‌ಎಲ್1 ಈ ನರಕೋಶಗಳಿಗೆಲ್ಲ ಸಾಮಾನ್ಯ. ರಂಕ್ಸ್ ಮೋಟಿಫ್ ಕೂಡ ಬರಬಹುದು, ರಂಕ್ಸ್1 ನೋಸಿಸೆಪ್ಟರ್‌ಗಳ ಒಂದು ಗುಂಪನ್ನು ರೂಪಿಸುತ್ತದೆ. ಮೋಟಿಫ್ ನೋಡಿ ಯಾವ ಪ್ರೊಟೀನ್ ಅಂತ ಹೇಳಲು ಹೋಗಬೇಡಿ, ಒಂದು ಕುಟುಂಬದವರೆಲ್ಲ ಹೆಚ್ಚುಕಮ್ಮಿ ಒಂದೇ ಅಕ್ಷರಗಳನ್ನು ಹಿಡಿಯುತ್ತಾರೆ. ಆರ್‌ಎನ್‌ಎ ಡೇಟಾದಲ್ಲಿ ಆ ಕೋಶದಲ್ಲಿ ಯಾರು ಇದ್ದಾರೆ ಅಂತ ನೋಡಿ ನಿರ್ಧಾರ ಮಾಡಿ. ಪಿಆರ್‌ಡಿಎಂ12 ಥರದವರು ಮೋಟಿಫ್‌ನಲ್ಲಿ ಸಲೀಸಾಗಿ ಸಿಗುವುದಿಲ್ಲ. ಆದರೆ 2015ರಲ್ಲಿ ಆ ಜೀನ್ ಕೆಟ್ಟ ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವು ತಿಳಿಯದ ಜನ ಪತ್ತೆಯಾದರು. ಅಷ್ಟು ಮುಖ್ಯವಾದ ನಿಯಂತ್ರಕ ನಿಮ್ಮ ಪಟ್ಟಿಯಲ್ಲಿ ಕಾಣದೇ ಇರಬಹುದು ಅನ್ನುವುದು ನೆನಪಿರಲಿ.

ಹುಳುವಿನ ಕಡೆಗೆ ಮತ್ತೆ ಬರುತ್ತೇನೆ, ಏಕೆಂದರೆ ಈ ಕ್ಷೇತ್ರದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲೇ. ಸಿ. ಎಲೆಗನ್ಸ್‌ನಲ್ಲಿ ಸೀಲಿಯಾ (ಕೋಶದ ಮೇಲಿನ ಕೂದಲಿನಂಥ ಎಳೆಗಳು) ಇರುವುದು ಸಂವೇದನಾ ನರಕೋಶಗಳಲ್ಲಿ ಮಾತ್ರ, 302ರಲ್ಲಿ 60 ಕೋಶ. ಸೀಲಿಯಾ ಕಟ್ಟುವ ಜೀನ್‌ಗಳನ್ನು ಆನ್ ಮಾಡುವುದು ಡ್ಯಾಫ್-19, ಆರ್‌ಎಫ್‌ಎಕ್ಸ್ ಕುಟುಂಬದ್ದು. ಅದು ಕೂರುವ ಜಾಗಕ್ಕೆ ಎಕ್ಸ್-ಬಾಕ್ಸ್ ಅಂತ ಹೆಸರು, ಸುಮಾರು 14 ಅಕ್ಷರ, ಜೀನ್‌ನ ಶುರುವಿಗೆ ಹತ್ತಿರದಲ್ಲೇ. ಚೆ-1 ಮೋಟಿಫ್‌ಗಿಂತ ಉದ್ದ, ಇರುವ ಜಾಗವೂ ಗೊತ್ತು. ಹಾಗಾಗಿ ಕಂಪ್ಯೂಟರ್ ಹುಡುಕಾಟಕ್ಕೆ ಹೇಳಿಮಾಡಿಸಿದ್ದು. ಬಾರ್ಡೆಟ್–ಬೀಡಲ್ ಅನ್ನುವ ಕಾಯಿಲೆಯಲ್ಲಿ ದೃಷ್ಟಿ ಹೋಗುತ್ತದೆ, ಬೆರಳು ಜಾಸ್ತಿ ಇರುತ್ತವೆ, ಕಿಡ್ನಿ ಕೆಡುತ್ತದೆ. ಅದಕ್ಕೆ ಕಾರಣವಾದ ಜೀನ್‌ಗಳಲ್ಲಿ ಬಿಬಿಎಸ್3 ಸಿಕ್ಕಿದ್ದು 2004ರಲ್ಲಿ. ಮನುಷ್ಯರ ಕುಟುಂಬಗಳಲ್ಲಿ ಕ್ರೋಮೋಸೋಮ್‌ನ ಒಂದು ಪ್ರದೇಶ ಗೊತ್ತಿತ್ತು, ಅದರೊಳಗೆ ಯಾವ ಜೀನ್ ಅಂತ ಆರಿಸಲು ಹುಳುವಿನ ಎಕ್ಸ್-ಬಾಕ್ಸ್ ಸಹಾಯಕ್ಕೆ ಬಂತು. ಅದೇ ವರ್ಷ ಬಿಬಿಎಸ್5 ಇನ್ನೊಂದು ದಾರಿಯಲ್ಲಿ ಸಿಕ್ಕಿತು: ಮನುಷ್ಯರಲ್ಲೂ ಕ್ಲಾಮಿಡೊಮೊನಾಸ್ ಪಾಚಿಯಲ್ಲೂ ಇದ್ದು, ಸೀಲಿಯಾ ಇಲ್ಲದ ಅರಾಬಿಡಾಪ್ಸಿಸ್ ಗಿಡದಲ್ಲಿ ಇಲ್ಲದ ಜೀನ್‌ಗಳನ್ನು ಸೋಸಿದಾಗ 688 ಉಳಿದವು, ಅದರಲ್ಲಿ ಇದೂ ಒಂದು.

ಇದರ ವಿಕಾಸದ ಭಾಗ ನೋಡಿ. ಯೀಸ್ಟ್‌ನಲ್ಲಿ ಆರ್‌ಎಫ್‌ಎಕ್ಸ್ ಇದೆ, ಸೀಲಿಯಾ ಇಲ್ಲ. ಕ್ಲಾಮಿಡೊಮೊನಾಸ್‌ಗೆ ಸೀಲಿಯಾ ಇದೆ, ಆರ್‌ಎಫ್‌ಎಕ್ಸ್ ಇಲ್ಲ. ಅಂದರೆ ಸೀಲಿಯಾದ ಜೀನ್‌ಗಳು ಬೇರೆ, ಈ ಸ್ವಿಚ್ ಬೇರೆ, ಎರಡಕ್ಕೂ ಬೇರೆ ಬೇರೆ ಇತಿಹಾಸ. ಪ್ರಾಣಿಗಳ ಕವಲಿನಲ್ಲಿ ಅವು ಕೂಡಿಕೊಂಡವು. ಪ್ರೊಟೀನ್ ಅದೇ, ಅದು ಹಿಡಿಯುವ ಅಕ್ಷರಗಳೂ ಹೆಚ್ಚುಕಮ್ಮಿ ಅವೇ, ಆ ಅಕ್ಷರಗಳು ಹೊಸ ಜೀನ್‌ಗಳ ಮುಂದೆ ಬಂದವು. ನೀವು ಇಲಿ–ಮನುಷ್ಯರ ನಡುವೆ ಹುಡುಕುತ್ತಿರುವ ಬದಲಾವಣೆ ಇದೇ ಥರದ್ದು, ಇನ್ನೂ ಚಿಕ್ಕ ಪ್ರಮಾಣದಲ್ಲಿ.

---

ಬಾವಲಿಪ್ರಿಯ

ಎಲ್ಲರೂ ಎನ್‌ಹ್ಯಾನ್ಸರ್ ಹಿಂದೆ ಬಿದ್ದಿದ್ದೀರಿ, ಸ್ಪ್ಲೈಸಿಂಗ್ (ಜೀನ್‌ನ ಆರ್‌ಎನ್‌ಎ ತುಣುಕುಗಳನ್ನು ಕತ್ತರಿಸಿ ಜೋಡಿಸುವುದು) ಮರೆಯಬೇಡಿ. ರಕ್ತ ಹೀರುವ ಬಾವಲಿ ತನ್ನ ಮೂಗಿನ ಮೇಲಿನ ಗುಳಿಗಳಿಂದ ಪ್ರಾಣಿಯ ಚರ್ಮದ ಬಿಸಿ ಹಿಡಿಯುತ್ತದೆ. ಅದಕ್ಕೆ ಅದು ಬಳಸುವುದು ಅದೇ ಟಿಆರ್‌ಪಿವಿ1. ಮಾಮೂಲು ಟಿಆರ್‌ಪಿವಿ1 ತೆರೆಯುವುದು 43 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಈ ಬಾವಲಿಯ ಮುಖದ ಟ್ರೈಜೆಮಿನಲ್ ಗ್ಯಾಂಗ್ಲಿಯಾನ್‌ನಲ್ಲಿ ಜೀನ್‌ನ ಬಾಲ ಬೇರೆ ಥರ ಸ್ಪ್ಲೈಸ್ ಆಗಿ ಚಿಕ್ಕ ಪ್ರೊಟೀನ್ ಬರುತ್ತದೆ, ಅದು 30 ಡಿಗ್ರಿ ಹತ್ತಿರವೇ ತೆರೆಯುತ್ತದೆ. ಅದೇ ಬಾವಲಿಯ ಬೆನ್ನಿನ ಗ್ಯಾಂಗ್ಲಿಯಾನ್‌ನಲ್ಲಿ ಮಾಮೂಲು ರೂಪವೇ. ಹಾಗಾಗಿ ಮೈಗೆ ಸುಟ್ಟ ನೋವು ಗೊತ್ತಾಗುವುದೂ ನಿಲ್ಲಲಿಲ್ಲ, ಮುಖಕ್ಕೆ ಹೊಸ ಇಂದ್ರಿಯವೂ ಬಂತು. 2011ರ ಕೆಲಸ. ಇದು ಅಟ್ಯಾಕ್-ಸೀಕ್‌ನಲ್ಲಿ ಕಾಣುವುದೇ ಇಲ್ಲ, ಜೀನ್‌ಗೆ ಎಷ್ಟು ರೀಡ್ (ಯಂತ್ರ ಓದಿದ ತುಣುಕು) ಬಂತು ಅಂತ ಎಣಿಸಿದರೂ ಕಾಣಲ್ಲ. ಎಕ್ಸಾನ್ (ಹಾಗೆ ಜೋಡಿಸಿದ ಮೇಲೆ ಉಳಿಯುವ ತುಣುಕು) ಮಟ್ಟಕ್ಕೆ ಇಳಿಯಬೇಕು.

---

ಕೋಡ್‌ನಿಂದಕೋಶಕ್ಕೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ಒಂದೇ ಸಂಶಯ ಉಳಿದಿದೆ. ಹೋಲಿಕೆಗೆ ಬೇರೆ ಕೋಶ ಅಂದಿರಲ್ಲ, ಲಿವರ್ ಡೇಟಾ ಸುಲಭವಾಗಿ ಸಿಗುತ್ತದೆ. ಅದು ಸಾಕಾ?

---

ಸೂಕ್ಷ್ಮತಂತು

ಲಿವರ್ ಒಂದೇ ಸಾಲದು. ನರಕೋಶ ಅನ್ನುವ ಕಾರಣಕ್ಕೇ ಏನಾದರೂ ಬೇರೆ ಇರಬಹುದು, ಅದನ್ನೂ ಕಳೆಯಬೇಕು. ಇಲಿ ಮತ್ತು ಮನುಷ್ಯ ಎರಡರ ಮೆದುಳಿನ ಕಾರ್ಟೆಕ್ಸ್‌ನ ಸಿಂಗಲ್ ನ್ಯೂಕ್ಲಿಯಸ್ ಡೇಟಾ ಎಲ್ಲರಿಗೂ ತೆರೆದಿದೆ, ಅಲ್ಲಿಂದ ಒಂದು ಬಗೆಯ ನರಕೋಶ ತೆಗೆದುಕೊಳ್ಳಿ. ಜೊತೆಗೆ ನಿಮ್ಮದೇ ಡೇಟಾದ ಸ್ಪರ್ಶದ ನರಕೋಶಗಳು, ಅವು ಅದೇ ದಾನಿಯ ಅದೇ ಗ್ಯಾಂಗ್ಲಿಯಾನ್‌ನಿಂದ ಬಂದವು, ಅಂಗಾಂಶದ ಗುಣಮಟ್ಟದ ಗೊಂದಲ ಅಲ್ಲಿ ಇರಲ್ಲ. ಪ್ರತಿ ಗುಂಪಿನಿಂದಲೂ ಅಷ್ಟೇ ನ್ಯೂಕ್ಲಿಯಸ್, ಅಷ್ಟೇ ರೀಡ್ ಇರುವ ಹಾಗೆ ಇಳಿಸಿಕೊಂಡು ಆಮೇಲೆ ಪೀಕ್ ಗುರುತಿಸಿ, ಇಲ್ಲದಿದ್ದರೆ ಜಾಸ್ತಿ ಕೋಶ ಇರುವ ಗುಂಪು ಸುಮ್ನೆ ಜಾಸ್ತಿ ಉಳಿದುಕೊಂಡಂತೆ ಕಾಣುತ್ತದೆ.

ಇದರ ಮೇಲೆ ಸಮಯ ಹಾಕುವುದು ವ್ಯರ್ಥ ಅಂತ ಅನ್ನಿಸಬಾರದು. 2025ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಸುಜೆಟ್ರಿಜಿನ್ ಅನ್ನುವ ನೋವಿನ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದು ತಡೆಯುವುದು ಎಸ್‌ಸಿಎನ್10ಎ ಮಾಡುವ ಚಾನೆಲನ್ನೇ. ಓಪಿಯಾಯ್ಡ್‌ಗಳ ಹಾಗೆ ಚಟ ಹಿಡಿಸುವ ಭಯ ಇಲ್ಲ ಅನ್ನುವ ವಾದಕ್ಕೆ ಮುಖ್ಯ ಆಧಾರ, ಆ ಜೀನ್ ಆನ್ ಆಗಿರುವುದು ಬಹುತೇಕ ಈ ಸಂವೇದನಾ ನರಕೋಶಗಳಲ್ಲೇ, ಮೆದುಳಿನಲ್ಲಿ ಅಲ್ಲ ಅನ್ನುವುದು. ಅಂದರೆ ಆ ಔಷಧಿ ನಿಂತಿರುವುದೇ ಜೀನ್ ನಿಯಂತ್ರಣದ ಮೇಲೆ. ಮುಂದಿನ ಗುರಿಗಳನ್ನು ಹೆಚ್ಚಾಗಿ ಇಲಿಯಲ್ಲೇ ಹುಡುಕುತ್ತಿದ್ದೇವೆ. ಅವುಗಳಲ್ಲಿ ಯಾವುದು ಮನುಷ್ಯರಲ್ಲೂ ಇದೇ ಕೋಶದಲ್ಲಿ ಮಾತ್ರ ಆನ್ ಇರುತ್ತದೆ ಅಂತ ಮೊದಲೇ ಹೇಳಲು ನಿಮ್ಮಂಥ ಹೋಲಿಕೆ ಬೇಕು.

ಪ್ಲಾಟ್ ಬಂದ ಮೇಲೆ ಇಲ್ಲೇ ಹಾಕಿ. ಪ್ರೊಮೋಟರ್ ಮತ್ತು ದೂರದ ಪೀಕ್ ಎರಡನ್ನೂ ಒಂದೇ ಬಾರ್‌ನಲ್ಲಿ ಸೇರಿಸಬೇಡಿ, ಎಪಿ-1 ಇರುವ ಪೀಕ್‌ಗಳನ್ನು ತೆಗೆದ ಮೇಲಿನ ಲೆಕ್ಕವನ್ನೂ ಪಕ್ಕದಲ್ಲಿಡಿ.